ರವಿವಾರದ ಗುಳಿಗಿ, ಸೊಸಿ ಮ್ಯಾಲಿನ ಅಪವಾದ

ಇದು ಮುಂಬೈ ಹತ್ರದ ಡೊಂಬಿವಲಿಯ ಒಂದು ಕನ್ನಡ ಮನಿ ಪ್ರಕರಣ. ಹೆಸರು, ಗುರ್ತು ಸಿಗೋ ವಿವರ ಎಲ್ಲಾ ಬದ್ಲಿ ಮಾಡೀನಿ, ಮನಿಯವ್ರ ಒಪ್ಪಿಗಿ ತಗೊಂಡೇ ಬರ್ಯಾಕತ್ತೀನಿ.

ನನ್ನ ಕಡೆ ಸಲಹೆ ಕೇಳಾಕ ಬಂದಾಕಿ ಸೊಸಿ, ಶೈಲಾ ಅನ್ನೋಣ. ನಿದ್ದಿ ಇಲ್ಲ, ಲೋಕಲ್‌ನ್ಯಾಗ ನಿಂತಲ್ಲೇ ಅಳು ಬರ್ತದ ಅಂದ್ಲು. ಕಾರಣ ಕೇಳಿದ್ರ ಅತ್ತಿ ತೊಡಿ ಎಲುಬು ಮುರದದ್ದು. ಅತ್ತಿಗೆ ಎಪ್ಪತ್ತು ದಾಟ್ಯಾವ, ಎಲುಬು ಸವದದಂತ ಒಂಬತ್ತು ವರ್ಷದಿಂದ ಅಲೆಂಡ್ರೋನೇಟ್ 70 ಮಿಲಿಗ್ರಾಂ ಗುಳಿಗಿ, ವಾರಕ್ಕೊಂದು. ರವಿವಾರ ಮುಂಜಾನೆ ಖಾಲಿ ಹೊಟ್ಟಿಲೆ ಒಂದು ಗ್ಲಾಸ್ ನೀರು ಕೊಟ್ಟು, ಅರ್ಧಾ ತಾಸು ಅಡ್ಡಾಗಬ್ಯಾಡ್ರಿ ಅತ್ಯಾರ, ಚಹಾನೂ ಈಗ ಬ್ಯಾಡ ಅಂತ ಎದುರು ಕೂತು ಕಾಯ್ತಿದ್ದಾಕಿ ಈಕೀನ. ಅತ್ತಿ ಬಿದ್ದಿದ್ದೂ ಇಲ್ಲ, ಕಟ್ಟಿ ಕಡೆಯಿಂದ ಹಿಂದ ತಿರಗೂದ್ರಾಗ ತೊಡಿ ಕಟ್ ಅಂತ ಮುರೀತು. ರಾಡ್ ಹಾಕಿದ ಸರ್ಜನ್ನರು ಈ ನಮೂನಿ ಫ್ರ್ಯಾಕ್ಚರ್ ಈ ಗುಳಿಗಿ ಭಾಳ ವರ್ಷ ತಗೊಂಡವ್ರಿಗೆ ಒಮ್ಮೊಮ್ಮೆ ಆಗ್ತದ ಅಂದ್ರು. ಅಷ್ಟು ಸಾಕಾತು, ಗಂಡನ ಅಕ್ಕ ಎಲ್ಲಾರ ಎದುರು ಅಂದೇಬಿಟ್ಲು, "ನೀ ಕೈಯ್ಯಾರೆ ಕೊಟ್ಟ ಗುಳಿಗೀನ ಅವ್ವನ ಕಾಲು ಮುರೀತು."

ಹಳೇ ಕಾಗದ ತರ್ರಿ ಅಂದೆ. ಒಂದ ಚೀಟಿ ಬಂತು, ಮಡಿಕಿ ಹರದಲ್ಲೆಲ್ಲ ಸೆಲ್ಲೋಟೇಪು. ಅದನ್ನ ತೋರ್ಸಿ ಒಂಬತ್ತು ವರ್ಷ ಮೆಡಿಕಲ್‌ನ್ಯಾಗ ಗುಳಿಗಿ ತಂದಾರ, ಎಲುಬಿನ ಗಟ್ಟಿತನ ಅಳಿಯೋ ಡೆಕ್ಸಾ ಸ್ಕ್ಯಾನ್ ಶುರುವಿನ್ಯಾಗ ಮಾಡ್ಸಿದ್ದು, ಮುಂದ ಇಲ್ಲವೇ ಇಲ್ಲ. ಇನ್ನ ಎಷ್ಟು ವರ್ಷ ಅಂತ ಯಾರೂ ಕೇಳಿಲ್ಲ, ಮಗನೂ ಇಲ್ಲ ಮಗಳೂ ಇಲ್ಲ, ಮೆಡಿಕಲ್‌ನವ್ನೂ ಇಲ್ಲ. ನನ್ನ ಪ್ರಕಾರ ತಪ್ಪಿದ್ದು ಇಲ್ಲೇ. ವೇಳ್ಯಾಕ್ಕ ಗುಳಿಗಿ ಕೊಟ್ಟಾಕಿ ಏನು ತಪ್ಪು ಮಾಡ್ಯಾಳ?

ನಾ ಡಾಕ್ಟರ್ ಅಲ್ಲ, ಆದ್ರ ಮನಿ ಮಂದಿಗೆ ಇಷ್ಟು ಬಿಡಿಸಿ ಹೇಳಬೇಕಾತು. ನಮ್ಮ ಎಲುಬು ಹಳೇದು ಕರಗಿ ಹೊಸದು ಕಟ್ಟಗೋತ ಇರ್ತದ, ಈ ಔಷಧ ಕರಗಸೋ ಕೋಶಗಳನ್ನ ತಡೀತದ, ಅದಕ್ಕ ಬೆನ್ನೆಲುಬು, ಸೊಂಟದ ಎಲುಬು ಮುರಿಯೂದು ಕಡಿಮಿ ಆಗ್ತದ, ಆದ್ರ ಭಾಳ ವರ್ಷಾದ್ರ ತೊಡಿ ಎಲುಬಿನ ಹೊರಗಿನ ಬದಿಗೆ ಬಿದ್ದ ಸಣ್ಣ ಬಿರುಕು ದುರಸ್ತಿ ಆಗದೇ ಉಳೀಬಹುದು. ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಾಗ ಈ ಎಚ್ಚರಿಕಿ ಕೊಟ್ಟದ. ಅದಕ್ಕ ಗುಳಿಗಿ ಆದ್ರ 5 ವರ್ಷಕ್ಕ, ವರ್ಷಕ್ಕೊಮ್ಮೆ ಸಲಾಯಿನ್‌ನ್ಯಾಗ ಕೊಡೋ ಇದೇ ನಮೂನಿ ಔಷಧ ಝೋಲೆಡ್ರೋನಿಕ್ ಆ್ಯಸಿಡ್ ಆದ್ರ 3 ವರ್ಷಕ್ಕ ಡಾಕ್ಟರ್ ಮತ್ತ ನೋಡಿ ಕೆಲವ್ರಿಗೆ ಬಿಡುವು ಕೊಡ್ತಾರ, ಮುರಿಯೋ ಅಪಾಯ ಹೆಚ್ಚಿದ್ದವ್ರಿಗೆ ಗುಳಿಗಿ 10 ವರ್ಷದ ತನಕಾನೂ ಮುಂದುವರಸ್ತಾರ. ಇಂಥಾ ಫ್ರ್ಯಾಕ್ಚರ್ ಅಪರೂಪ, ಗುಳಿಗಿಯಿಂದ ತಪ್ಪಿದ ಫ್ರ್ಯಾಕ್ಚರ್ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎರಡನೇ ಸಲ ಅತ್ತಿನೂ ವಾಕರ್ ಹಿಡಕೊಂಡು ಬಂದ್ರು. ಮುರಿಯೋಕಿಂತ ಮದ್ಲ ನೋವಿತ್ತೇನ್ರಿ ಅಂದೆ. ಸೀರಿ ಮ್ಯಾಲೆ ತೊಡಿ ನಡುವ ಬೆರಳಿಟ್ಟು "ಇಲ್ಲೇ ಮೂರು ತಿಂಗಳಿಂದ ಜುಮುಜುಮು ನೋವಿತ್ರಿ, ವಾಯು ಅಂತ ಎಣ್ಣಿ ತಿಕ್ಕೊಂಡೆ, ಪಾಪ ಈಕಿ ಸಂಜಿಗೆ ಸಾಕಾಗಿ ಬರ್ತಾಳ, ಆಕಿಗ್ಯಾಕ ಹೇಳ್ಲಿ" ಅಂದ್ರು. ಶೈಲಾ ಸಿಟ್ಟಿಗೆದ್ಲು, ಆಗ್ಲಿ ಅಂತ ಬಿಟ್ಟೆ, ಅಷ್ಟು ದಿನ ತನ್ನ ಮ್ಯಾಲೇ ಹೊಳ್ಳಿದ್ದ ಸಿಟ್ಟು ಅದು. ಈ ಗುಳಿಗಿ ತಗೊಳ್ಳೋರಿಗೆ ತೊಡಿ ಇಲ್ಲಾ ತೊಡಿಸಂದಿ ನೋವು ಶುರುವಾದ್ರ ಅದನ್ನ ವಾಯು ಅನ್ನಬಾರ್ದು, ಡಾಕ್ಟರಿಗೆ ಹೇಳಿ ಎಕ್ಸ್-ರೇ ತಗಸಬೇಕು. ಇನ್ನೊಂದು ಕಾಲಿಗೂ ಬಿರುಕು ಇರೂದುಂಟು, ಅದನ್ನೂ ತಗಸ್ರಿ ಅಂದೆ.

ಹೋಗೂಮುಂದ ಗಂಡ ಬಾಗಲದಾಗ ನಿಂತು ಅಂದ, ಪುಣೆದ ಮಾವಶಿ ಇದನ್ನ ಕೇಳಿ ತನ್ನ ಆರು ತಿಂಗಳಿಗೊಮ್ಮೆ ತಗೊಳ್ಳೋ ಇಂಜೆಕ್ಷನ್ ಬಿಟ್ಟಾಳಂತ. ಅದು ಎಲುಬು ಸವದವ್ರಿಗೇ ಕೊಡೋ ಇನ್ನೊಂದು ಔಷಧ, ಡೆನೋಸುಮ್ಯಾಬ್. ನನಗ ಎದಿ ಧಸಕ್ ಅಂತು, ಯಾಕಂದ್ರ ಅದರ ಲೆಕ್ಕ ಬ್ಯಾರೇನ, ಬೇರೆ ಔಷಧ ಶುರು ಮಾಡದೇ ಬಿಟ್ರ ಎಲುಬು ಲಗೂನ ಸವದು ಬೆನ್ನಿನ ಮಣಿ ಸಾಲಾಗಿ ಕುಸೀಬಹುದು. ಈಗಿಂದೀಗ ಫೋನ್ ಹಚ್ಚಿ ಡಾಕ್ಟರ್ ಕಡೆ ಕಳಸ್ರಿ ಅಂದೆ.

ಶೈಲಾಗ ಕೊಟ್ಟ ಸಲಹೆ ಸಣ್ಣದು. ಔಷಧದ ಜವಾಬ್ದಾರಿ ಇನ್ನ ಗಂಡಂದು, ಯಾವುದು ಯಾವಾಗ ಶುರು, ಮುಂದಿನ ತಪಾಸಣಿ ಯಾವಾಗ ಅನ್ನೋದನ್ನ ಅವನ ಬರದಿಡಬೇಕು. ನಾದಿನಿ ಮತ್ತ ಅಂದ್ರ ವಾದ ಮಾಡೂದು ಬ್ಯಾಡ, "ಅಕ್ಕಾರ, ಮುಂದಿನ ಸಲ ಡಾಕ್ಟರ್ ಕಡೆ ನೀವೂ ಬರ್ರಿ, ನೀವ ಕೇಳ್ರಿ" ಅನ್ನಬೇಕು.

ಮಾವಶಿ ಇಂಜೆಕ್ಷನ್ ತಗೊಂಡ್ರಂತ. ಅತ್ತಿ ಇನ್ನೊಂದು ಕಾಲಿನ ಎಕ್ಸ್-ರೇದಾಗ ಏನೂ ಇಲ್ಲ. ಶೈಲಾ ಈಗ ರಾತ್ರಿ ಮಲಗ್ತಾಳ, ನಾದಿನಿ ಮಾತ್ರ ಇನ್ನೂ ಡಾಕ್ಟರ್ ಕಡೆ ಬರ್ತೀನಿ ಅಂದಿಲ್ಲ.