ಇಂಗ್ಲೆಂಡಿನಲ್ಲಿ ಡ್ರಾಮಾ ಟೀಚರ್ ಆಗಬೇಕೆನ್ನುವ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಮಣಿಪಾಲದಲ್ಲಿ ಎಂಟು ವರ್ಷ ಬ್ಯಾಂಕ್ ಕೆಲಸ, ಶನಿವಾರ ಭಾನುವಾರ ಯಕ್ಷಗಾನ, ಈಗ ಗಂಡನ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೊರಟಿದ್ದೀರಿ. ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ನಾಟಕ ಕಲಿಸಬಹುದಾ, 34ಕ್ಕೆ ತಡ ಆಯ್ತಾ, ಯಕ್ಷಗಾನದ ಆಟದ ಅನುಭವ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿದ್ದೀರಿ.

ತಡ ಆಗಿಲ್ಲ. ನಾನು ಶುರು ಮಾಡಿದ್ದು 36ಕ್ಕೆ. 2009ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಲಂಡನ್ನಿಗೆ ಹೋದೆ. ಹಿಮ ಬಿದ್ದು ಊರಿಡೀ ಬಸ್ಸು ನಿಂತಿದ್ದ ವಾರ ಅದು. ರಾತ್ರಿ ಸೂಟ್‌ಕೇಸ್ ತೆಗೆದರೆ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಪಕ್ಕದಲ್ಲೇ ನನ್ನ ಗೆಜ್ಜೆ. ಕಟ್ಟಿಕೊಳ್ಳಲು ಧೈರ್ಯ ಬರಲಿಲ್ಲ, ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೋ ಅಂತ. ಆರು ವರ್ಷ ಅದು ಬೀರುವಿನಲ್ಲೇ ಇತ್ತು.

ದಾರಿ ಹೀಗೆ. ಪಿಜಿಸಿಇ ಅಂತ ಒಂದು ವರ್ಷದ ಟೀಚರ್ ಟ್ರೇನಿಂಗ್ ಕೋರ್ಸ್, ಜೊತೆಗೆ ಕ್ಯೂಟಿಎಸ್ ಅನ್ನುವ ಶಿಕ್ಷಕರ ಅರ್ಹತೆ, ಆಮೇಲೆ ಶಾಲೆಯಲ್ಲಿ ಎರಡು ವರ್ಷ ಹೊಸಬರ ಲೆಕ್ಕ. ಗಣಿತ, ಫಿಸಿಕ್ಸ್‌ಗೆ ಸಿಗುವ ಹಾಗೆ ನಾಟಕಕ್ಕೆ ಬರ್ಸರಿ ಅನ್ನುವ ಸಹಾಯಧನ ಸಿಗುವುದಿಲ್ಲ, ಫೀಸೂ ಹೊರದೇಶದವರ ದರದಲ್ಲೇ ಬೀಳಬಹುದು, ಮೊದಲೇ ಕೇಳಿಕೊಳ್ಳಿ. ಡಿಗ್ರಿ ನಾಟಕದ್ದಲ್ಲದಿದ್ದರೆ ಕೆಲವರು ಆಗಲ್ಲ ಅನ್ನುತ್ತಾರೆ, ಕೆಲವರು ಅನುಭವ ನೋಡುತ್ತಾರೆ. ಆರು ತಿಂಗಳು ಟೀಚಿಂಗ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿ ನೋಡಿ, 14 ವರ್ಷದ ಮಕ್ಕಳು ಮೂವತ್ತು ಜನ ಒಂದೇ ಹಾಲ್‌ನಲ್ಲಿ ಇದ್ದರೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಚಳಿ, ಅಡುಗೆ, ಮನೆ ಬಾಡಿಗೆ ಎಲ್ಲ ಹೇಗೋ ಅಭ್ಯಾಸ ಆಗುತ್ತದೆ.

ಆಟದ ಅನುಭವ ಖಂಡಿತ ಲೆಕ್ಕಕ್ಕೆ ಬರುತ್ತದೆ. ನನ್ನ ಸಂದರ್ಶನದಲ್ಲಿ ಹತ್ತು ನಿಮಿಷ ಪಾಠ ಮಾಡಿ ಅಂದರು. ಒಡ್ಡೋಲಗ, ಅಂದರೆ ವೇಷಗಳು ಕುಣಿಯುತ್ತ ರಂಗಕ್ಕೆ ಬರುವ ಪ್ರವೇಶ ಮಾಡಿಸಿದೆ, ಮಕ್ಕಳು ಬೆಂಚು ಬಡಿದು ಚೆಂಡೆ ಮಾಡಿಬಿಟ್ಟರು. ಆ ಹೊತ್ತು ನನ್ನ ಗುರುಗಳು ಅಲ್ಲಿ ಇರಬೇಕಿತ್ತು ಅನಿಸಿತು.

ಆದರೆ ಒಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ನಾವು ಕಲಿತದ್ದು ಹೇಗೆ? ಗುರುಗಳು ಕುಣಿದು ತೋರಿಸುತ್ತಾರೆ, ನಾವು ಹಾಗೇ ಕುಣಿಯುತ್ತೇವೆ, ತಪ್ಪಿದರೆ ಕೈ ಹಿಡಿದು ತಿದ್ದುತ್ತಾರೆ. ಅಲ್ಲಿ ಮಕ್ಕಳನ್ನು ಹಾಗೆ ಮುಟ್ಟಿ ತಿದ್ದುವ ಕ್ರಮ ಇಲ್ಲ, ಅದನ್ನು ಬೇಗ ಕಲಿತೆ. ಇನ್ನೊಂದನ್ನು ಕಲಿಯಲಿಲ್ಲ. ಮಕ್ಕಳು 16ಕ್ಕೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಡ್ರಾಮಾದಲ್ಲಿ, ಹೆಚ್ಚಿನ ಬೋರ್ಡುಗಳಲ್ಲಿ, 40 ಶೇಕಡಾ ಅಂಕ ಮಕ್ಕಳು ತಾವೇ ಕಟ್ಟುವ ನಾಟಕಕ್ಕೆ, ಯಾಕೆ ಹಾಗೆ ಮಾಡಿದೆವು ಅಂತ ಅವರೇ ಬರೆದೂ ಕೊಡಬೇಕು. ನನ್ನ ಮೂರನೇ ವರ್ಷ ಒಬ್ಬಳು ಹುಡುಗಿ, ಅಜ್ಜಿ ತೀರಿಹೋದ ಮೇಲೆ ಅವರ ಮನೆಗೆ ಬೀಗ ಹಾಕುವ ದೃಶ್ಯ ಮಾಡಿದಳು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, ನಮಗೆ ಬೆನ್ನು ಹಾಕಿ, ಸುಮ್ನೆ ನಿಂತಳು. ನಾನು ಬಿಡಬೇಕಲ್ವಾ? ಈ ಕಡೆ ತಿರುಗು ಅಂದೆ. ಕೈ ಇನ್ನೂ ಮೇಲೆ ಅಂದೆ. ಕಣ್ಣು ಅಗಲಿಸು ಅಂದೆ. ನಾಲ್ಕು ಸಲ ಮಾಡಿಸಿದೆ. ನಾಲ್ಕನೇ ಸಲ ಅದು ಚೌಕಿಯಲ್ಲಿ ಬಣ್ಣ ಹಚ್ಚಿ ಬಂದ ನನ್ನದೇ ವೇಷ ಆಗಿತ್ತು. ಅವಳ ಬರಹದಲ್ಲಿ ಯಾಕೆ ಅನ್ನುವ ಕಡೆಯೆಲ್ಲ ಒಂದೇ ಸಾಲು: ಸರ್ ಹೇಳಿದರು, ಮಾಡಿದೆ.

ಮುಂದಿನ ವರ್ಷ ಅವಳು ಡ್ರಾಮಾ ತೆಗೆದುಕೊಳ್ಳಲಿಲ್ಲ. ಒಮ್ಮೆ ಸೂಪರ್‌ಮಾರ್ಕೆಟ್ ಕೌಂಟರಿನಲ್ಲಿ ಸಿಕ್ಕಿದಳು, ನಕ್ಕು ಮಾತಾಡಿಸಿದಳು. ಕ್ಷಮಿಸು ಅಂತ ಹೇಳಬೇಕಿತ್ತು, ಚೀಲ ಎತ್ತಿಕೊಂಡು ಬಂದುಬಿಟ್ಟೆ. ನನಗೆ ಜಾಸ್ತಿ ಚುಚ್ಚುವುದು ಏನೆಂದರೆ, ತಾವೇ ಕಟ್ಟುವ ಈ ಸ್ವಾತಂತ್ರ್ಯ ನಮ್ಮ ಆಟದಲ್ಲೇ ಉಂಟು. ಪದ್ಯ ಹಾಡುವ ಭಾಗವತರದ್ದು, ಅರ್ಥ, ಅಂದರೆ ಪದ್ಯಕ್ಕೆ ಆಡುವ ಮಾತು, ವೇಷಧಾರಿಯದ್ದು. ಅರ್ಥ ಯಾರೂ ಬರೆದು ಕೊಡುವುದಿಲ್ಲ, ಇವತ್ತು ಹೇಳಿದ್ದನ್ನು ನಾಳೆ ಹಾಗೇ ಹೇಳುವುದೂ ಇಲ್ಲ. ನಾನು ಹೆಜ್ಜೆ ಕಲಿಸಿದ್ದನ್ನು ಮಾತ್ರ ನೆನಪಿಟ್ಟೆ, ಅರ್ಥಕ್ಕೆ ಗುರುಗಳು ನನ್ನ ಪಾಡಿಗೆ ಬಿಟ್ಟದ್ದನ್ನು ಮರೆತೆ. ಈಗ ಯಾರಾದರೂ ಬೆನ್ನು ಹಾಕಿ ನಿಂತರೆ ಬಾಯಿ ಮುಚ್ಚಿ ಕೂರುತ್ತೇನೆ. ಕಷ್ಟ ಆಗುತ್ತದೆ.

ಶಾಲೆಗೆ ಆರು ವಾರ ರಜೆ, ನಾನೀಗ ಉಡುಪಿಯ ಅಂಬಲಪಾಡಿಯ ಮನೆಯಲ್ಲೇ ಇದ್ದೇನೆ, ಮಳೆ ಬಿಡುತ್ತಿಲ್ಲ. ಹೊರಡುವ ಮೊದಲು ನೀವು ಮೂರು ಕೆಲಸ ಮಾಡಿ. ಯಕ್ಷಶಿಕ್ಷಣ ಟ್ರಸ್ಟಿನವರು ಉಡುಪಿಯ ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸುತ್ತಾರಲ್ಲ, ಕೇಳಿ ಕೆಲವು ದಿನ ಆ ತರಗತಿಗಳಲ್ಲಿ ಕೂತು ನೋಡಿ. ಪೊಲೀಸ್ ಕ್ಲಿಯರೆನ್ಸ್, ಎಲ್ಲ ವರ್ಷದ ಅಂಕಪಟ್ಟಿ ಊರಲ್ಲಿರುವಾಗಲೇ ತೆಗೆದಿಡಿ. ಮತ್ತೆ ನಿಮ್ಮ ಗುರುಗಳ ಹತ್ತಿರ ಎಷ್ಟು ವರ್ಷ ಕಲಿತಿರಿ, ಯಾವ ಯಾವ ವೇಷ ಮಾಡಿದಿರಿ ಅಂತ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿ ಸಹಿ ಹಾಕಿಸಿಕೊಳ್ಳಿ. ನಾನು ಮುಂದಿನ ಸಲ ಬಂದಾಗ ಕೇಳೋಣ ಅಂತ ಬಿಟ್ಟೆ. 2013ರಲ್ಲಿ ಅವರು ತೀರಿಕೊಂಡರು.