ಮುಕ್ತ ದತ್ತಾಂಶವನ್ನು ಬಳಸುವ ಸಣ್ಣ ಲಾಭರಹಿತ ಗುಂಪಿಗೆ ಪರವಾನಗಿ ಮತ್ತು ಕಾನೂನಿನ ವಿನಾಯಿತಿ ಇಲ್ಲವೇ?

ಬೇರೆ ಬೇರೆ ಸರ್ಕಾರಿ ಇಲಾಖೆಗಳು ಪ್ರಕಟಿಸಿರುವ ದತ್ತಾಂಶವನ್ನು ಒಟ್ಟುಗೂಡಿಸಿ, ಸಾರ್ವಜನಿಕರು ಉಚಿತವಾಗಿ ಬಳಸಬಹುದಾದ ನಕ್ಷೆಯೊಂದನ್ನು ಕೆಲವೇ ಸ್ವಯಂಸೇವಕರು ಸೇರಿ ರೂಪಿಸುತ್ತಿದ್ದೀರಿ. ಎಲ್ಲ ಕಡೆಯೂ ‘ಮುಕ್ತ’ ಎಂದೇ ಬರೆದಿದ್ದರೂ ನಕ್ಷೆಗಿಂತ ಪರವಾನಗಿಗಳನ್ನು ಓದುವುದಕ್ಕೇ ಹೆಚ್ಚು ಸಮಯ ಹೋಗುತ್ತಿದೆ, ಲಾಭದ ಉದ್ದೇಶವಿಲ್ಲದವರಿಗೆ ರಿಯಾಯಿತಿ ಇಲ್ಲವೇ ಎಂದು ಕೇಳಿದ್ದೀರಿ. ಇಂಥ ಗುಂಪುಗಳ ಜೊತೆ ಕೆಲಸ ಮಾಡಿದವನಾಗಿ ಹೇಳುವುದಾದರೆ, ಲಾಭರಹಿತ ಎಂಬ ಒಂದೇ ಕಾರಣಕ್ಕೆ ಸಿಗುವ ರಿಯಾಯಿತಿ ತೀರಾ ಕಡಿಮೆ. ನಿಮ್ಮನ್ನು ಕಾಡುತ್ತಿರುವುದು ಶುಲ್ಕವಲ್ಲ, ನಿಯಮಗಳನ್ನು ಅರ್ಥೈಸುವ ಶ್ರಮ. ಆ ಶ್ರಮ ಸಂಸ್ಥೆ ಚಿಕ್ಕದಾದಷ್ಟೂ ಕಡಿಮೆಯಾಗುವುದಿಲ್ಲ. ಕಾನೂನು ವಿಭಾಗವನ್ನೇ ಇಟ್ಟುಕೊಂಡಿರುವ ಕಂಪನಿ ಓದಬೇಕಾದ ಷರತ್ತುಗಳನ್ನೇ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ನಿಮ್ಮ ಸ್ವಯಂಸೇವಕರೂ ಅಷ್ಟೇ ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ತೊಡಕು ಹೆಚ್ಚುವುದು ದತ್ತಾಂಶಗಳನ್ನು ಬೆರೆಸಿದಾಗ. ಒಂದೊಂದೇ ಪರವಾನಗಿಯನ್ನು ಬಿಡಿಯಾಗಿ ನೋಡಿದರೆ ಸರಳವೆನಿಸುತ್ತದೆ; ಎರಡು ಸೇರಿದಾಗ ಒಂದು ಹೇಳಿದ್ದನ್ನು ಇನ್ನೊಂದು ಒಪ್ಪದಿರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಸ್ವಯಂಸೇವಕರೇ ರೂಪಿಸುವ ಮುಕ್ತ ವಿಶ್ವನಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. 2004ರಲ್ಲಿ ಆರಂಭವಾದ ಆ ಯೋಜನೆ, ಕೃತಿಗಳಿಗೆಂದು ಬರೆದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ದತ್ತಸಂಚಯಕ್ಕೆ (ಡೇಟಾಬೇಸ್‌ಗೆ) ಸರಿಹೊಂದುವುದಿಲ್ಲವೆಂದು ವರ್ಷಗಟ್ಟಲೆ ಚರ್ಚಿಸಿ, 2012ರಲ್ಲಿ ದತ್ತಸಂಚಯಗಳಿಗೆಂದೇ ಬರೆದ ಓಪನ್ ಡೇಟಾಬೇಸ್ ಪರವಾನಗಿಗೆ ಬದಲಾಯಿತು; ಒಪ್ಪಿಗೆ ಕೊಡದವರ ಕೊಡುಗೆಯನ್ನು ನಕ್ಷೆಯಿಂದ ತೆಗೆದುಹಾಕಬೇಕಾಯಿತು. ಅದೂ ಲಾಭರಹಿತ ಯೋಜನೆಯೇ. ಮೂಲಕ್ಕೆ ಮನ್ನಣೆ ಕೊಟ್ಟರೆ ಸಾಕು ಎಂದು ಜನರು ಭಾವಿಸುವ ಕ್ರಿಯೇಟಿವ್ ಕಾಮನ್ಸ್ ಮನ್ನಣೆ 4.0 ಪರವಾನಗಿಯ ದತ್ತಾಂಶವನ್ನು ಸಹ, ಮೂಲ ಪ್ರಕಾಶಕರಿಂದ ಪ್ರತ್ಯೇಕ ಒಪ್ಪಿಗೆ ಪಡೆಯದೆ ಆ ನಕ್ಷೆಗೆ ಸೇರಿಸುವಂತಿಲ್ಲ. ಮನ್ನಣೆಯನ್ನು ಹೇಗೆ ತೋರಿಸಬೇಕು, ನಕಲು, ಮರುಬಳಕೆಗಳನ್ನು ತಡೆಯುವ ತಂತ್ರಜ್ಞಾನವನ್ನು ಬಳಸಬಹುದೇ ಎಂಬ ವಿಷಯಗಳಲ್ಲಿ ಎರಡು ಪಠ್ಯಗಳೂ ಹೊಂದಿಕೊಳ್ಳುವುದಿಲ್ಲ ಎಂಬುದೇ ಕಾರಣ.

‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಷರತ್ತನ್ನು ಕಂಡರೆ ಸಣ್ಣ ಗುಂಪುಗಳು ನಿರಾಳವಾಗುತ್ತವೆ. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಎಚ್ಚರದಿಂದಿರಬೇಕಾದ ಷರತ್ತೇ ಅದು. ಕ್ರಿಯೇಟಿವ್ ಕಾಮನ್ಸ್ ಪಠ್ಯದಲ್ಲಿ ಅದನ್ನು ನಿರ್ಧರಿಸುವುದು ಬಳಸುವವರು ಯಾರು ಎಂಬುದಲ್ಲ, ಬಳಕೆ ಯಾವುದಕ್ಕಾಗಿ ಎಂಬುದು. ಪುಟದಲ್ಲಿ ಜಾಹೀರಾತು ಹಾಕಿದರೆ ಏನಾಗುತ್ತದೆ, ವರದಿಯನ್ನು ಮುದ್ರಿಸಿ ಮಾರಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಅಲ್ಲದೆ ಅಂಥ ದತ್ತಾಂಶ ಒಮ್ಮೆ ಬೆರೆತುಹೋದರೆ ನಿಮ್ಮ ನಕ್ಷೆಯನ್ನು ಮುಂದೆ ಯಾವ ಮುಕ್ತ ಯೋಜನೆಗೂ ಕೊಡಲಾಗದು.

ಇದರ ಮೇಲೆ, ಗಡಿ ದಾಟಿದರೆ ಕಾನೂನೇ ಬೇರೆ. ಕೇವಲ ಸಂಗತಿಗಳನ್ನು ಶ್ರಮಪಟ್ಟು ಕಲೆಹಾಕಿದ ಮಾತ್ರಕ್ಕೆ ಕೃತಿಸ್ವಾಮ್ಯ ಹುಟ್ಟುವುದಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ, ದೂರವಾಣಿ ಡೈರೆಕ್ಟರಿಯೊಂದರ ಪ್ರಕರಣದಲ್ಲಿ ತೀರ್ಪು ನೀಡಿತು. ಯುರೋಪಿಯನ್ ಒಕ್ಕೂಟವಾದರೋ 1996ರ ನಿರ್ದೇಶನದ ಮೂಲಕ, ದತ್ತಸಂಚಯಕ್ಕೆ ಗಣನೀಯ ಹೂಡಿಕೆ ಮಾಡಿದವರಿಗೆ 15 ವರ್ಷಗಳ ಪ್ರತ್ಯೇಕ ಹಕ್ಕನ್ನೇ ಕೊಟ್ಟಿದೆ. ಒಂದೇ ಬಗೆಯ ಕೋಷ್ಟಕ ಒಂದು ಕಡೆ ಯಾರ ಸೊತ್ತೂ ಅಲ್ಲ, ಇನ್ನೊಂದು ಕಡೆ ಒಬ್ಬರ ಸೊತ್ತು.

ಈ ಅನಿಶ್ಚಿತತೆಯ ಪರಿಣಾಮ ನ್ಯಾಯಾಲಯದಲ್ಲಿ ಕಾಣುವುದು ಅಪರೂಪ, ಏಕೆಂದರೆ ಸಣ್ಣ ಗುಂಪು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಬ್ರಿಟನ್ನಿನಲ್ಲಿ ಪಿನ್‌ಕೋಡಿನಂಥ ಅಂಚೆ ಸಂಕೇತಗಳನ್ನು ಸ್ಥಳದ ನಿರ್ದೇಶಾಂಕಗಳಿಗೆ ಪರಿವರ್ತಿಸಿ ಕೊಡುತ್ತಿದ್ದ ಎರ್ನೆಸ್ಟ್ ಮಾರ್ಪಲ್ಸ್ ಎಂಬ ಉಚಿತ ಜಾಲಸೇವೆ, 2009ರಲ್ಲಿ ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಕಾನೂನು ಕ್ರಮದ ಎಚ್ಚರಿಕೆ ನೀಡಿದ ಮೇಲೆ ಬಾಗಿಲು ಹಾಕಿತು. ಅಲ್ಲಿನ ನಕ್ಷಾ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಮರುವರ್ಷವೇ ಅಂಚೆ ಸಂಕೇತಗಳ ಸ್ಥಾನಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಆದರೂ ಪೂರ್ಣ ವಿಳಾಸಗಳ ಕಡತ ಹಣ ಕೊಟ್ಟೇ ಪಡೆಯಬೇಕಾದ ಸೊತ್ತಾಗಿ ಉಳಿಯಿತು. 2013ರಲ್ಲಿ ರಾಯಲ್ ಮೇಲ್ ಖಾಸಗೀಕರಣವಾದಾಗ ಅದೂ ಜೊತೆಯಲ್ಲೇ ಹೋಯಿತು.

ವೈಯಕ್ತಿಕ ದತ್ತಾಂಶದ ಕಾನೂನುಗಳಲ್ಲಿ ಸಣ್ಣವರಿಗೆ ವಿನಾಯಿತಿ ಇರುವಂತೆ ಕಾಣುತ್ತದೆ, ಆದರೆ ಓದುತ್ತಾ ಹೋದಂತೆ ಅದು ಕರಗುತ್ತದೆ. 2018ರ ಮೇ 25ರಿಂದ ಅನ್ವಯವಾದ ಯುರೋಪಿಯನ್ ಒಕ್ಕೂಟದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನ 30ನೇ ವಿಧಿಯ ಮೂಲ ಪಠ್ಯ, 250ಕ್ಕಿಂತ ಕಡಿಮೆ ಉದ್ಯೋಗಿಗಳಿರುವ ಸಂಸ್ಥೆ ದತ್ತಾಂಶ ಸಂಸ್ಕರಣೆಯ ದಾಖಲೆ ಇಡಬೇಕಿಲ್ಲವೆಂದು ಹೇಳಿ, ಸಂಸ್ಕರಣೆ ಅಪರೂಪದ್ದಾಗಿರದಿದ್ದರೆ ಅಥವಾ ಆರೋಗ್ಯ, ಧರ್ಮ ಮುಂತಾದ ಸೂಕ್ಷ್ಮ ವಿವರಗಳಿದ್ದರೆ ಆ ವಿನಾಯಿತಿ ಇಲ್ಲವೆಂದೂ ಸೇರಿಸುತ್ತದೆ. ಸದಸ್ಯರ ಪಟ್ಟಿಯನ್ನು ನಿತ್ಯ ಬಳಸುವ, ರೋಗಿಗಳಿಗೆ ನೆರವಾಗುವ ಗುಂಪು ಎಷ್ಟೇ ಚಿಕ್ಕದಾದರೂ ದಾಖಲೆ ಇಡಲೇಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೆಲವು ವರ್ಗಗಳಿಗೆ ಕೆಲವು ಕರ್ತವ್ಯಗಳಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುವಾಗ ಸ್ಟಾರ್ಟ್‌ಅಪ್‌ಗಳ ಹೆಸರನ್ನು ಹೇಳುತ್ತದೆ. ಲಾಭರಹಿತ ಸಂಸ್ಥೆಗಳ ಹೆಸರು ಅಲ್ಲಿಲ್ಲ. ಈ ಕಾಯ್ದೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ರೋಗಿಗಳ ಪಟ್ಟಿ ಸೋರಿಕೆಯಾದರೆ ಅದನ್ನು ಇಟ್ಟುಕೊಂಡವರು ಲಾಭರಹಿತರು ಎಂಬುದರಿಂದ ರೋಗಿಗೆ ಯಾವ ಸಮಾಧಾನವೂ ಇಲ್ಲ. ಹೊರೆಯನ್ನು ಅಳೆಯುವಾಗ ತಲೆಗಳನ್ನು ಎಣಿಸುವ ಬದಲು ಅಪಾಯವನ್ನು ನೋಡಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ನಿಮ್ಮ ನಕ್ಷೆಯ ಮಟ್ಟಿಗೆ ಹೇಳುವುದಾದರೆ, ದತ್ತಾಂಶವನ್ನು ಇಳಿಸಿಕೊಳ್ಳುವ ಮೊದಲೇ ಪರವಾನಗಿಯನ್ನು ನೋಡಿ ಆರಿಸಿಕೊಳ್ಳಿ. ಸಾಧ್ಯವಿದ್ದಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಝೀರೋದಂತೆ ಷರತ್ತುಗಳಿಲ್ಲದ ಮೂಲಗಳಿಗೆ ಆದ್ಯತೆ ಕೊಡಿ. ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಮೂಲ, ಪರವಾನಗಿಯ ಆವೃತ್ತಿ ಮತ್ತು ಪಡೆದ ದಿನಾಂಕದ ಅಂಕಣ ಇರಲಿ, ಏಕೆಂದರೆ ನಾಳೆ ಒಂದು ಮೂಲವನ್ನು ಕೈಬಿಡಬೇಕಾಗಿ ಬಂದರೆ ಆ ಸಾಲುಗಳನ್ನಷ್ಟೇ ತೆಗೆಯಬಹುದು. ವ್ಯಕ್ತಿಗಳ ಹೆಸರು, ಫೋನ್ ಸಂಖ್ಯೆಗಳು ನಕ್ಷೆಗೆ ಅಗತ್ಯವಿಲ್ಲದಿದ್ದರೆ ಸಂಗ್ರಹಿಸಲೇಬೇಡಿ. ಷರತ್ತುಗಳು ಅಸ್ಪಷ್ಟವಾಗಿದ್ದರೆ ದತ್ತಾಂಶ ಪ್ರಕಟಿಸಿದ ಇಲಾಖೆಗೇ ಪತ್ರ ಬರೆದು, ಇಂಥ ದತ್ತಾಂಶವನ್ನು ನಮ್ಮ ನಕ್ಷೆಯಲ್ಲಿ ಸೇರಿಸಿ ಇಂಥ ಪರವಾನಗಿಯಡಿ ಮರುಪ್ರಕಟಿಸಲು ಒಪ್ಪಿಗೆ ಇದೆಯೇ, ನಮ್ಮ ಜಾಲತಾಣದ ಒಂದು ಪುಟದಲ್ಲಿ ಮನ್ನಣೆ ಕೊಟ್ಟರೆ ಸಾಕೇ ಎಂದು ನೇರವಾಗಿ ಕೇಳಿ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗೆ ಅಧಿಕಾರಿಗಳು ಉತ್ತರಿಸುವ ಸಾಧ್ಯತೆ ಹೆಚ್ಚು. ಬಂದ ಉತ್ತರವನ್ನು ದತ್ತಾಂಶದ ಜೊತೆಯಲ್ಲೇ ಕಾಪಿಡಿ. ಉತ್ತರ ಬರುವವರೆಗೆ ಆ ಕಡತವನ್ನು ಉಳಿದವುಗಳೊಡನೆ ಬೆರೆಸದೆ ಪ್ರತ್ಯೇಕ ಪದರವಾಗಿಯೇ ಇಟ್ಟಿರಿ.