ಹುಬ್ಬಳ್ಳಿ ಕಡೆ ಇದ್ದುಕೊಂಡು ಇಬ್ಬರೇ ರಾಕ್ ಬ್ಯಾಂಡ್ ನಡಸೋದು ಆಗತೈತೇನು?

ನೀವು ಕೇಳಿದ್ದು ಇಷ್ಟು: ಹಾವೇರಿ ಕಡೆ ಇಬ್ಬರು ಗೆಳೆಯರು ಅದೀರಿ, ಒಬ್ಬರ ಕಡೆ ಗಿಟಾರ್, ಇನ್ನೊಬ್ಬರ ಕಡೆ ಡ್ರಮ್ಸ್, ಬೇಸ್, ಅಂದ್ರ ಕೆಳಗಿನ ದಪ್ಪ ದನಿಯ ಗಿಟಾರ್, ಬಾರಸವ್ರು ಸಿಗವಲ್ರು, ಸ್ವಂತ ಹಾಡು ಒಂದಿಷ್ಟು ತಯಾರ್ ಅದಾವು, ಶಿಶುನಾಳ ಶರೀಫರ ಒಂದು ಪದಾನೂ ರಾಕ್ ಮಾಡೀರಿ, ಈಗ ಬೆಂಗಳೂರಿಗೆ ಹೋಗಲೇಬೇಕೋ ಇಲ್ಲೇ ಇದ್ದು ರಿಲೀಸ್ ಮಾಡಬಹುದೋ, ಅದರ ಜೋಡಿ ಯಾರೋ ಕಂಪನಿಯವರು ರಿಲೀಸ್ ಖರ್ಚು ನಮ್ಮದು, ಪೂರ್ತಿ ರೈಟ್ಸ್ ಬರದುಕೊಡ್ರಿ ಅಂದಾರ, ಕೊಡಬೇಕೋ ಬ್ಯಾಡೋ. ನನ್ನ ಉತ್ತರ ಮೊದಲ ಹೇಳಿಬಿಡತೇನಿ: ಇಲ್ಲೇ ಇರ್ರಿ, ಇಬ್ಬರೇ ಇರ್ರಿ, ರೈಟ್ಸ್ ಕೊಡಬ್ಯಾಡ್ರಿ.

ನಾವೂ ಇಬ್ಬರೇ. ನಾನು ಧಾರವಾಡದಾಕಿ, ಡ್ರಮ್ಸ್ ಬಾರಸ್ತೇನಿ. ಗೆಳತಿ ಹುಬ್ಬಳ್ಳಿ ವಿದ್ಯಾನಗರದಾಕಿ, ಗಿಟಾರ್ ಆಕಿದು, ಹಾಡಾಕಿನೂ ಆಕಿನ. ಇಬ್ಬರಿಗೂ ಹಗಲೆಲ್ಲಾ ನೌಕರಿ, ಸಂಜಿಮುಂದ ಆಕಿ ಚಿಗರಿ ಬಸ್ ಹತ್ತಿ ಗಿಟಾರ್ ಹೊತ್ತಗೊಂಡು ಧಾರವಾಡಕ್ಕ ಬರತಾಳ, ಯಾಕಂದ್ರ ಡ್ರಮ್ಸ್ ಇಟ್ಟಿರೋದು ನಮ್ಮ ಅಜ್ಜನ ಹಳೇ ಹಂಚಿನ ಮನ್ಯಾಗ. ಹಾಡು ಬರಿಯೋದು, ರೆಕಾರ್ಡಿಂಗ್, ಮಿಕ್ಸಿಂಗ್, ಕವರ್ ಫೋಟೋ, ಆ್ಯಪ್‌ಗೆ ಏರಸೋದು ಎಲ್ಲಾ ನಾವ ಮಾಡತೇವಿ.

ಬೇಸ್ ಇಲ್ಲ ಅನ್ನೋ ಚಿಂತಿ ಮೊದಲು ಬಿಡ್ರಿ. ಡೆಟ್ರಾಯ್ಟ್ ಒಳಗ 1997ರಾಗ ಶುರುವಾದ ದಿ ವೈಟ್ ಸ್ಟ್ರೈಪ್ಸ್ ಬ್ಯಾಂಡಿನಾಗ ಜ್ಯಾಕ್ ವೈಟ್ ಗಿಟಾರ್, ಮೆಗ್ ವೈಟ್ ಡ್ರಮ್ಸ್, ಇಷ್ಟ. ದಿ ಬ್ಲ್ಯಾಕ್ ಕೀಸ್ ಅವರು ಒಹಾಯೋದ ಆಕ್ರನ್ ಅನ್ನೋ ಟೈರ್ ಫ್ಯಾಕ್ಟರಿ ಊರಿನವರು, 2002ರಾಗ ಬಂದ ಅವರ ಮೊದಲನೇ ಆಲ್ಬಂ ಡ್ರಮ್ಮರ್ ಮನಿ ನೆಲಮಾಳಿಗ್ಯಾಗ ರೆಕಾರ್ಡ್ ಆಗಿದ್ದು, ನ್ಯೂಯಾರ್ಕಿಗೆ ಹೋಗಿ ಅಲ್ಲ. ಇಂಗ್ಲೆಂಡಿನ ರಾಯಲ್ ಬ್ಲಡ್ ಇನ್ನೂ ಬ್ಯಾರೆ ಥರ, ಬೇಸ್ ಗಿಟಾರ್ ಮತ್ತ ಡ್ರಮ್ಸ್ ಮ್ಯಾಲ ಇಡೀ ಬ್ಯಾಂಡ್ ನಿಂತೈತಿ. ಹಂಗಾಗಿ ಇಬ್ಬರು ಅಂದ್ರ ಅರ್ಧಾ ಬ್ಯಾಂಡ್ ಅಂತ ಯಾರರ ಅಂದ್ರ ತಲಿ ಕೆಡಿಸಿಕೋಬ್ಯಾಡ್ರಿ.

ಮತ್ತ ನಮ್ಮ ಕಡೆಯವರಿಗೆ ಇದನ್ನ ಹೊರಗಿನವರು ಕಲಸಬೇಕಾಗೇ ಇಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಇಲ್ಲೇ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಇವರೆಲ್ಲಾ ಹಾಡಬೇಕಾದ್ರ ಜೋಡಿಗೆ ಎಷ್ಟು ಮಂದಿ ಇರತಿದ್ರು? ಒಂದು ತಬಲಾ, ಒಂದು ಹಾರ್ಮೋನಿಯಂ, ಹಿಂದ ತಂಬೂರಿ. ತಾಸುಗಟ್ಟಲೆ ಇಡೀ ಸಭಾ ಹಿಡದು ಕೂಡಸತಿದ್ರು. ನಾನು ಸಣ್ಣಾಕಿ ಇದ್ದಾಗ ತಬಲಾ ಕಲತಾಕಿ, ಅದಕ್ಕ ತಂಬೂರಿ ಕೆಲಸಾ ಏನು ಅನ್ನೋದು ನಂಗ ಕಿವ್ಯಾಗ ಕೂತೈತಿ, ಅದು ರಾಗಾ ಹಾಡೂದಿಲ್ಲ, ತಾಳಾ ಹಾಕೂದಿಲ್ಲ, ಆದ್ರ ಅದು ನಿಂತ ಕ್ಷಣಾ ಎಲ್ಲಾ ಖಾಲಿ ಅನಸತೈತಿ. ನಮ್ಮ ಬ್ಯಾಂಡಿನಾಗ ಬೇಸ್ ಜಾಗಾ ತುಂಬಿದ್ದು ಇದರಿಂದನ. ಗಿಟಾರಿನ ಆರನೇ ತಂತಿ ಇ ಸ್ವರದಿಂದ ಡಿ ಸ್ವರಕ್ಕ ಇಳಿಸಿದ್ರ ಕೆಳಗಿನ ಮೂರು ತಂತಿ ಡಿ, ಎ, ಡಿ ಆಗತಾವು, ಅಂದ್ರ ಸಾ, ಪ, ಮ್ಯಾಲಿನ ಸಾ. ಆ ಮೂರನ್ನೂ ಖುಲ್ಲಾ ಬಿಟ್ಟು ಮೊಳಗಿಸಿಕೋತ ಮ್ಯಾಲಿನ ತಂತಿ ಮ್ಯಾಲ ರಿಫ್, ಅಂದ್ರ ತಿರುಗಿ ತಿರುಗಿ ಬರೋ ಸಣ್ಣ ಧಾಟಿ, ಬಾರಿಸ್ರಿ, ಒಂದ ಗಿಟಾರಿನಾಗ ಎರಡು ಕೆಲಸಾ ಆಗತೈತಿ. ಇಷ್ಟಕ್ಕ ಹಾಡಿನ ನಡುವ ಎರಡು ತಾನ್ ತುರುಕಿ ಫ್ಯೂಷನ್ ಅಂತ ಹೆಸರಿಡೋದು ನಂಗ ಸೇರೂದಿಲ್ಲ, ತಂಬೂರಿ ಬುದ್ಧಿ ತಗೋರಿ, ತಾನ್ ಹಾಡವರಿಗೆ ಬಿಡ್ರಿ.

ಇದರ ಮ್ಯಾಲೆ ಒಂದು ಆಕ್ಟೇವ್ ಪೆಡಲ್ ಬೇಕು. ಗಿಟಾರ್ ಸಿಗ್ನಲ್ ಎರಡಾಗಿ ಒಡೀರಿ, ಒಂದು ನೇರ ಗಿಟಾರ್ ಆ್ಯಂಪ್‌ಗೆ (ದನಿ ಜೋರ್ ಮಾಡೋ ಪೆಟ್ಟಿಗಿ), ಇನ್ನೊಂದು ಆಕ್ಟೇವ್ ಪೆಡಲ್ ಒಳಗ ಒಂದು ಸಪ್ತಕ ಕೆಳಗ ಇಳದು ಬೇಸ್ ಆ್ಯಂಪ್‌ಗೆ. ಕಡಿಮಿ ರೇಟಿನ ಪೆಡಲ್ ಇದ್ರ ಕಾರ್ಡ್, ಅಂದ್ರ ಹಲವು ಸ್ವರಾ ಕೂಡೇ, ಹಿಡದಾಗ ಅದಕ್ಕ ಯಾವ ಸ್ವರಾ ಹಿಡೀಬೇಕು ತಿಳಿಯೂದಿಲ್ಲ, ಗರಗರ ಅಂತೈತಿ, ಅದಕ್ಕ ಒಂದೊಂದ ಸ್ವರದ ರಿಫ್ ಇದ್ದಾಗಷ್ಟ ಆನ್ ಮಾಡ್ರಿ, ಕಾರ್ಡ್ ಬಂದ ಕೂಡ್ಲೆ ಕಾಲಿಲೆ ಒತ್ತಿ ಆಫ್. ಡ್ರಮ್ಸ್ ಬಾರಸವ್ರಿಗೆ ನನ್ನ ಮಾತು: ಸಿಂಬಲ್ (ಲೋಹದ ತಾಟು) ಕಡಿಮಿ ಹೊಡೀರಿ, ಅದು ಗಿಟಾರಿನ ಮ್ಯಾಲಿನ ದನೀನ ಎಲ್ಲಾ ನುಂಗತೈತಿ, ಫ್ಲೋರ್ ಟಾಮ್ (ನೆಲದ ಮ್ಯಾಲ ನಿಲ್ಲೋ ದಪ್ಪ ದನಿಯ ಡ್ರಮ್) ಜಾಸ್ತಿ ಬಳಸ್ರಿ, ಮತ್ತ ಕಿಕ್ (ಕಾಲಿಲೆ ಬಾರಸೋ ದೊಡ್ಡ ಡ್ರಮ್) ರಿಫ್ ಜೋಡಿ ಸೇರಿ ಬೀಳಲಿ. ಫ್ಲೋರ್ ಟಾಮ್ ಹಾಡಿನ ಶ್ರುತಿಗೆ ಹತ್ರ ಇರೋಹಂಗ ಬಿಗಿ ಮಾಡಿಕೊಂಡ್ರ, ತಬಲಾದವರು ಮಾಡಿಕೋತಾರಲ್ಲ ಹಂಗ, ಕೆಳಗಿನ ದನಿ ತಾನ ತುಂಬತೈತಿ.

ರೆಕಾರ್ಡಿಂಗ್‌ಗೆ ಸ್ಟುಡಿಯೋ ಬೇಕಂತ ಅಂದವರು ಭಾಳ ಮಂದಿ ಸಿಗತಾರ ನಿಮಗ. ಎರಡು ಇನ್‌ಪುಟ್ ಇರೋ ಒಂದು ಆಡಿಯೋ ಇಂಟರ್‌ಫೇಸ್ (ಮೈಕಿನ ದನೀನ ಲ್ಯಾಪ್‌ಟಾಪ್‌ಗೆ ಕೊಡೋ ಡಬ್ಬಿ), ಎರಡು ಮೈಕ್, ಒಂದು ಲ್ಯಾಪ್‌ಟಾಪ್, ಇಷ್ಟರಾಗ ಪೂರ್ತಿ ಆಲ್ಬಂ ಆಗತೈತಿ. ಡ್ರಮ್ಸ್‌ಗೆ ಎರಡ ಮೈಕ್ ಸಾಲತಾವು: ಒಂದನ್ನ ಸ್ನೇರ್ (ನಡುವಿನ ಚುರುಕ ದನಿಯ ಡ್ರಮ್) ನೆತ್ತಿ ಮ್ಯಾಲ ಎರಡು ಡ್ರಮ್ ಕೋಲಿನ ಉದ್ದದಷ್ಟು ಎತ್ತರಕ್ಕ ಇಡ್ರಿ, ಇನ್ನೊಂದು ಬಾರಸವರ ಬಲಗಡೆ ಭುಜದ ಮ್ಯಾಲಿಂದ ಸ್ನೇರ್ ಕಡೆ ನೋಡೋಹಂಗ, ಅದೂ ಅಷ್ಟ ದೂರ. ಆಮ್ಯಾಲ ಒಂದು ದಾರಾ ತಗೊಂಡು ಅಳದು ನೋಡ್ರಿ, ಸ್ನೇರ್‌ನಿಂದ ಎರಡೂ ಮೈಕ್ ಬರೋಬರಿ ದೂರ ಇರಬೇಕು, ಕಿಕ್‌ನಿಂದ ಅಳದ್ರೂ ಎರಡೂ ಬರೋಬರಿ ಬರಬೇಕು. ಹಂಗಿದ್ರ ಒಂದ ಏಟು ಎರಡೂ ಮೈಕಿಗೆ ಕೂಡೇ ಮುಟ್ಟತೈತಿ, ದನಿ ಒಂದಕ್ಕೊಂದು ಕಡೀದಂಗ ಗಟ್ಟಿ ನಿಲ್ಲತೈತಿ. ಈ ದಾರದ ಕೆಲಸಕ್ಕ ಅರ್ಧಾ ತಾಸು ಹೋದ್ರೂ ಹೋಗಲಿ, ಮಿಕ್ಸಿಂಗ್ ಮುಂದ ಕೂತು ತಲಿ ಕೆರಕೊಳ್ಳೋದಕ್ಕಿಂತ ಛಲೋ.

ಖೋಲಿ ವಿಷಯ. ಹಂಚಿನ ಮನಿ ಸಿಕ್ಕರ ನಸೀಬು, ಇಳಿಜಾರ ಮಾಳಿಗಿ ಇರೋದಕ್ಕ ಆರ್‌ಸಿಸಿ ಸ್ಲ್ಯಾಬಿನಂಗ ದನಿ ನೆಲಾ ಮಾಳಿಗಿ ನಡುವ ಪುಟೀತಿರೂದಿಲ್ಲ. ಗ್ವಾಡಿಗೆ ಕೌದಿ ಹಾಕ್ರಿ, ನಮ್ಮ ಮನ್ಯಾಗ ಅಮ್ಮ ಅಜ್ಜಿ ಹೊಲಿದ ಕೌದಿ ಇದ್ದಾ ಇರತಾವು, ಆದ್ರ ಕೌದಿ ಬರೇ ಮ್ಯಾಲಿನ ಚುರುಕ ದನಿ ಹೀರತೈತಿ, ಕೆಳಗಿನ ದುಮ್ ದುಮ್ ಅನ್ನೋದು ಮೂಲ್ಯಾಗ ಕೂತು ಬಿಡತೈತಿ, ಅದಕ್ಕ ದಪ್ಪ ಅರಳಿ (ಹತ್ತಿ) ಗಾದಿ ಸುರುಳಿ ಸುತ್ತಿ ಮೂಲಿಗೊಂದರಂಗ ನಿಲ್ಲಿಸಬೇಕು. ಅರಳಿ ಬೆಳಿಯೋ ನಾಡಿನಾಗ ಇದ್ದೇವಿ, ಗಾದಿ ಮಾಡವರು ಊರಾಗ ಅದಾರ, ಹೊರಗಿಂದ ಫೋಮ್ ತರಸೋ ಖರ್ಚು ಬ್ಯಾಡ. ಕರೆಂಟಿನ ಬಗ್ಗೆ ಒಂದ ಮಾತು: ಮನಿ ಅರ್ಥಿಂಗ್ ಛಲೋ ಇಲ್ಲಂದ್ರ ಗಿಟಾರಿನಾಗ ಹಮ್ ಅಂತ ದನಿ ಬರತೈತಿ, ಅಗ್ಗದ ಇನ್ವರ್ಟರ್ ಮ್ಯಾಲ ಆ್ಯಂಪ್ ಹಚ್ಚಿದ್ರ ಅದಕ್ಕಿಂತ ಜಾಸ್ತಿ ಜೊಂಯ್ ಅಂತೈತಿ, ಮೊದಲು ಎಲೆಕ್ಟ್ರಿಷಿಯನ್ ಕರೀರಿ, ಲ್ಯಾಪ್‌ಟಾಪ್ ಚಾರ್ಜರ್ ತಗದು ಬ್ಯಾಟರಿ ಮ್ಯಾಲ ರೆಕಾರ್ಡ್ ಮಾಡ್ರಿ.

ಮಾಸ್ಟರ್ ಮಾಡಬೇಕಾದ್ರ, ಅಂದ್ರ ಮಿಕ್ಸ್ ಮುಗದ ಹಾಡಿಗೆ ಕಡೀ ಕೈ ಹಚ್ಚಬೇಕಾದ್ರ, ಜೋರ್ ಜೋರ್ ಮಾಡೋ ಆಸೆಗೆ ಬೀಳಬ್ಯಾಡ್ರಿ. ಸ್ಪಾಟಿಫೈ ತನ್ನಷ್ಟಕ್ಕ ತಾನ ಎಲ್ಲಾ ಹಾಡನ್ನ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರ್ ಅನ್ನೋ ಅಳತಿ) ಹತ್ರ ತಂದು ಕೇಳಸತೈತಿ, ನೀವು ಹಿಚುಕಿ ಕೊಟ್ರ ಅದು ಇಳಸತೈತಿ, ನಿಮ್ಮ ಡ್ರಮ್ಸ್ ಏಟು ಮಾತ್ರ ಸತ್ತು ಹೋಗಿರತೈತಿ.

ಭಾಷಾ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳತೇನಿ. ನಿಮ್ಮ ಮಾತಿನಾಗ ಹಾಡ್ರಿ, ಮನ್ಯಾಗ ಹೆಂಗ ಮಾತಾಡತೀರಿ ಹಂಗ. ನಾವು ಶುರುವಿನಾಗ ಪುಸ್ತಕದ ಕನ್ನಡದಾಗ ಬರೀತಿದ್ವಿ, ಸಾಲು ಉದ್ದ ಆಗಿ ಡ್ರಮ್ಸ್ ಹಿಂದ ಬೀಳತಿದ್ದವು, ನಮ್ಮ ಮಾತಿಗೆ ತಿರುಗಿಸಿದ ಮ್ಯಾಲ ಕ್ರಿಯಾಪದ ತುಂಡ ಆಗಿ ನೇರ ಏಟಿನ ಮ್ಯಾಲ ಬಂದು ಕೂತವು. ಕೇಳವ್ರಿಗೆ ಎಲ್ಲಾ ತಿಳಿತೈತಿ.

ಈಗ ಶರೀಫರ ಪದ. ಶರೀಫರು ತೀರಿಕೊಂಡಿದ್ದು 1889ರಾಗ. ನಮ್ಮ ದೇಶದಾಗ ಬರದವರು ತೀರಿದ ಮ್ಯಾಲ 60 ವರ್ಷ ಕಾಪಿರೈಟ್ ಇರತೈತಿ, ಹಂಗಾಗಿ ಆ ಪದ ಎಲ್ಲಾರದು, ನೀವು ಹಾಡಬಹುದು. ಆದ್ರ ನೀವು ಹಾಡೋ ಧಾಟಿ ಯಾವುದು ನೋಡಿಕೊಳ್ರಿ. ಸಿ. ಅಶ್ವತ್ಥ ಅವರು ಶರೀಫರ ಪದಗಳಿಗೆ ರಾಗಾ ಹಾಕಿ ಮನಿಮನಿಗೆ ಮುಟ್ಟಿಸಿದವರು, ಅವರು ತೀರಿಕೊಂಡಿದ್ದು 2009ರಾಗ, ಅಂದ್ರ ಆ ಸಂಗೀತಕ್ಕ ಇನ್ನೂ ಹಕ್ಕು ಐತಿ. ಸಾಹಿತ್ಯ ಹಳೇದು ಅಂತ ಆ ಧಾಟಿನ ಎತ್ತಿಕೊಂಡು ರಿಲೀಸ್ ಮಾಡಿದ್ರ ತೊಂದರೆ ಬರತೈತಿ, ಪರವಾನಗಿ ತಗೋಬೇಕು, ಇಲ್ಲಂದ್ರ ಪದಾ ಇಟ್ಟುಕೊಂಡು ನಿಮ್ಮದ ಧಾಟಿ ಕಟ್ಟಬೇಕು. ನಾನಂತೂ ನಿಮ್ಮದ ಕಟ್ಟ್ರಿ ಅಂತೇನಿ, ಶಿಶುನಾಳ ನಿಮ್ಮ ಜಿಲ್ಲಾದ್ದ ಊರು, ಅಲ್ಲಿ ಭಜನಾ ಮಂದಿ ಕಡೆ ಹೋಗಿ ಕೂತು ಕೇಳ್ರಿ, ಕಟ್ಟೋಕ ಬ್ಯಾರೆ ದಾರಿ ಸಿಕ್ಕ ಸಿಗತೈತಿ. ಬೇಂದ್ರೆಯವರ ಕವಿತಾ ಮಾಡೋ ವಿಚಾರ ಇದ್ರ ಅವರು ತೀರಿದ್ದು 1981, ಅಂದ್ರ 2041 ಮುಗಿಯೋತನಕ ಅನುಮತಿ ಬೇಕು.

ಕಂಪನಿಯವರ ಮಾತಿಗೆ ಬರತೇನಿ, ನಂಗ ಇದರ ಬಗ್ಗೆ ಭಾಳ ಹೇಳೋದೈತಿ. ಒಂದು ಹಾಡಿನಾಗ ಎರಡು ಬ್ಯಾರೆ ಬ್ಯಾರೆ ಆಸ್ತಿ ಇರತಾವು, ಸಾಹಿತ್ಯ ಸಂಗೀತ ಒಂದು, ರೆಕಾರ್ಡಿಂಗ್ ಅಂದ್ರ ಮಾಸ್ಟರ್ ಇನ್ನೊಂದು. ನಿಮ್ಮ ರೊಕ್ಕದಾಗ ನಿಮ್ಮ ಮನ್ಯಾಗ ರೆಕಾರ್ಡ್ ಮಾಡಿದ್ರ ಎರಡೂ ನಿಮ್ಮವ. ಪೂರ್ತಿ ರೈಟ್ಸ್ ಅಂದ್ರ ಎರಡನ್ನೂ ಕೊಡೋದು, ನಾಳೆ ನಿಮ್ಮ ಹಾಡನ್ನ ನೀವ ಮತ್ತೊಂದ್ಸಲ ರೆಕಾರ್ಡ್ ಮಾಡಬೇಕಂದ್ರೂ ಅವರನ್ನ ಕೇಳಬೇಕಾಗಬಹುದು. ಕಾಪಿರೈಟ್ ಕಾನೂನಿಗೆ 2012ರ ತಿದ್ದುಪಡಿ ಆದ ಮ್ಯಾಲ ಹಾಡು ಸಿನಿಮಾ ಥಿಯೇಟರ್ ಬಿಟ್ಟು ಬ್ಯಾರೆ ಕಡೆ ಬಳಕಿ ಆದಾಗ ಬರೋ ರಾಯಲ್ಟಿಯೊಳಗ ಬರದವರ ಮತ್ತ ಸಂಗೀತ ಕೂಡಿಸಿದವರ ಪಾಲನ್ನ ಕಂಪನಿ ಬರಿಸಿಕೊಂಡು ಹೋಗೋಕ ಬರೂದಿಲ್ಲ, ಅದು ಕಾನೂನು ಕೊಟ್ಟ ಛಲೋ ರಕ್ಷಣೆ, ಆದ್ರ ಮಾಸ್ಟರ್ ಹೋದ್ರ ಹೋತು. ಕರಾರಿನಾಗ ಎಷ್ಟು ವರ್ಷ ಅಂತ ಬರದಿಲ್ಲಂದ್ರ ಕಾನೂನು ಪ್ರಕಾರ 5 ವರ್ಷ ಅಂತ ಹಿಡೀತಾರ, ಯಾವ ದೇಶ ಅಂತ ಬರದಿಲ್ಲಂದ್ರ ಭಾರತ ಅಷ್ಟ ಅಂತ ಹಿಡೀತಾರ. ಅದಕ್ಕ ಬರಿಸಿಕೊಳ್ಳವರು ಕಾಯಂ, ಜಗತ್ತಿನಾದ್ಯಂತ ಅನ್ನೋ ಎರಡು ಶಬ್ದ ತಪ್ಪದ ಹಾಕತಾರ, ಆ ಸಾಲು ಹುಡಕಿ ಓದ್ರಿ. ಅವರಿಗೆ ಖರೇನ ನಿಮ್ಮ ಹಾಡು ಬೇಕಂದ್ರ ಎರಡ್ಮೂರು ವರ್ಷಕ್ಕ ಲೈಸೆನ್ಸ್ ಕೊಡತೇವಿ, ಮಾಸ್ಟರ್ ನಮ್ಮ ಹೆಸರಿನಾಗ ಇರತೈತಿ ಅಂತ ಬರದು ಕಳಸ್ರಿ. ಅವರು ಕೊಡೋ ಸೇವಾ ಏನು ಹೇಳ್ರಿ, ಆ್ಯಪ್‌ಗೆ ಹಾಡು ಏರಸೋದು, ಅದನ್ನ ನೀವ ಮನ್ಯಾಗ ಕೂತು ಮಾಡಬಹುದು.

ಹೆಂಗಂದ್ರ ಹಾಡನ್ನ ಎಲ್ಲಾ ಆ್ಯಪ್‌ಗೆ ಮುಟ್ಟಸೋ ಡಿಸ್ಟ್ರಿಬ್ಯೂಟರ್ ಮೂಲಕ. ಡಿಸ್ಟ್ರೋಕಿಡ್ ಥರದ್ದು ವರ್ಷಾವರ್ಷಾ ಫೀ ತಗೋತೈತಿ, ಕಟ್ಟೋದು ನಿಲ್ಲಿಸಿದ್ರ ಹಾಡು ಇಳೀಬಹುದು. ಸಿಡಿ ಬೇಬಿ ಒಂದ ಸಲಾ ಫೀ ತಗೊಂಡು ಗಳಿಕಿಯೊಳಗ ಪಾಲು ಹಿಡೀತೈತಿ. ವರ್ಷಕ್ಕ ಭಾಳ ಹಾಡು ಬಿಡವರಿಗೆ ಮೊದಲನೇದು, ಅಪರೂಪಕ್ಕ ಬಿಡವರಿಗೆ ಎರಡನೇದು. ಪ್ರತಿ ರೆಕಾರ್ಡಿಂಗಿಗೂ 12 ಅಕ್ಷರ-ಅಂಕಿಯ ಒಂದು ಐಎಸ್‌ಆರ್‌ಸಿ ಕೋಡ್ ಬರತೈತಿ, ಅದನ್ನ ಬರದಿಡ್ರಿ, ಮುಂದ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದ ಕೋಡ್ ಹಾಕಿದ್ರ ಹಳೇ ಪ್ಲೇ ಲೆಕ್ಕ ಉಳೀತೈತಿ. ರಿಲೀಸ್ ದಿನಾ ಮೂರು ನಾಲ್ಕು ವಾರ ಮುಂದ ಇಡ್ರಿ, ಯಾಕಂದ್ರ ಸ್ಪಾಟಿಫೈ ಎಡಿಟರುಗಳಿಗೆ ಕಳಸೋಕ ಕಡಿಮಿ ಅಂದ್ರ 7 ದಿನಾ ಮೊದಲು ಹಾಡು ಅಲ್ಲಿ ಇರಬೇಕು. ಐಪಿಆರ್‌ಎಸ್ ಒಳಗ ಇಬ್ಬರೂ ಬ್ಯಾರೆ ಬ್ಯಾರೆ ಸದಸ್ಯರಾಗ್ರಿ, ಅದು ಬರದವರ, ಸಂಗೀತಗಾರರ ರಾಯಲ್ಟಿ ವಸೂಲಿ ಮಾಡೋ ಸಂಸ್ಥಾ, 1969ರಿಂದ ಐತಿ. ಅದಕ್ಕಿಂತ ಮೊದಲು ಯಾವ ಹಾಡಿನಾಗ ಯಾರದು ಎಷ್ಟು ಪಾಲು ಅಂತ ಒಂದು ಹಾಳಿ ಮ್ಯಾಲ ಬರದು ಇಬ್ಬರೂ ಸಹಿ ಮಾಡ್ರಿ. ಗೆಳೆತನ ಗಟ್ಟಿ ಇದ್ದಾಗ ಬರಕೊಂಡ್ರ ಮುಂದೂ ಗಟ್ಟಿ ಇರತೈತಿ, ನಾವು ಪ್ರತಿ ಹಾಡು ಮುಗದ ದಿನಾನ ಬರಕೋತೇವಿ.

ರೊಕ್ಕದ ಬಗ್ಗೆ ಖರೇ ಹೇಳತೇನಿ, ಸ್ಟ್ರೀಮಿಂಗ್‌ನಿಂದ ಹೊಟ್ಟಿ ತುಂಬೂದಿಲ್ಲ. 2024ರಿಂದ ಸ್ಪಾಟಿಫೈ ಒಳಗ 12 ತಿಂಗಳಾಗ 1,000 ಸಲಾ ಓಡದ ಹಾಡಿಗೆ ಪೈಸಾನೂ ಇಲ್ಲ. ಬ್ಯಾಂಡ್‌ಕ್ಯಾಂಪ್ ಒಳಗ ಕೇಳವ್ರು ನೇರ ಕೊಂಡುಕೋತಾರ, ಡಿಜಿಟಲ್ ಮಾರಾಟದಾಗ ಅವರು 15 ಪರ್ಸೆಂಟ್ ಹಿಡಕೋತಾರ. ಕೇಳವ್ರು ಕಡಿಮಿ ಇದ್ದಾಗ ಹತ್ತು ಮಂದಿ ಕೊಂಡವರು ಸಾವಿರ ಪ್ಲೇಗಿಂತ ದೊಡ್ಡವರು. ನೌಕರಿ ಬಿಡಬ್ಯಾಡ್ರಿ, ನಮ್ಮ ಖರ್ಚು ಎಲ್ಲಾ ಪಗಾರದಾಗ ನಡೀತೈತಿ, ಅದಕ್ಕನ ಯಾರ ಮಾತೂ ಕೇಳಬೇಕಾಗಿಲ್ಲ.

ಬಾರಸೋಕ ಜಾಗಾ ಎಲ್ಲಿ ಅಂತ ಕೇಳತೀರಿ. ಕಾಲೇಜ್ ಫೆಸ್ಟ್ ಅದಾವು, ಆದ್ರ ಅಲ್ಲಿ ಸಿನಿಮಾ ಹಾಡು ಬಾರಿಸ್ರಿ ಅಂತಾರ. ಗಣಪತಿ ಪೆಂಡಾಲಿನಾಗ ಆರ್ಕೆಸ್ಟ್ರಾದವರದ ಹವಾ, ಮತ್ತ ರಾತ್ರಿ 10 ಆದ ಮ್ಯಾಲ ಲೌಡ್‌ಸ್ಪೀಕರ್ ಬಂದ್. ನಮಗ ಕೆಲಸಕ್ಕ ಬಂದಿದ್ದು ಮನಿ ಬೈಠಕ್. ಇಲ್ಲಿ ಹಿಂದೂಸ್ತಾನಿ ಸಂಗೀತಕ್ಕ ಮಂದಿ ಮನಿ ಪಡಸಾಲ್ಯಾಗ ಜಮಖಾನಿ ಹಾಸಿ ಕೂತು ಕೇಳೋದು ರೂಢಿ ಐತಿ, ಅದ ಮಂದಿಗೆ, ಅವರ ಮಕ್ಕಳಿಗೆ, ಸಣ್ಣ ಆ್ಯಂಪ್ ಇಟ್ಟು, ಕೋಲಿನ ಬದಲಿ ಬ್ರಷ್ ಹಿಡದು, ನಮ್ಮ ಹಾಡಷ್ಟ ಹಾಡತೇವಿ. ಮುಂದ ಕೂತ ಹಿರಿಯರು ಒಬ್ಬರು ರಿಫ್ ತಿರುಗಿ ಸಮಕ್ಕ, ಅಂದ್ರ ತಾಳದ ಮೊದಲ ಏಟಿಗೆ, ಬಂದಾಗ ಕೈ ಎತ್ತಿ ವಾಹ್ ಅಂದಿದ್ರು, ನಂಗ ಅದಕ್ಕಿಂತ ದೊಡ್ಡ ಸ್ಟೇಜ್ ಬೇಕಂತ ಅನಿಸಿಲ್ಲ. ಹಾವೇರಿ, ರಾಣೆಬೆನ್ನೂರ, ಗದಗ ಎಲ್ಲಾ ಕಡೆ ಇಂಥ ಮನಿ ಸಿಗತಾವು, ಕೇಳಬೇಕು ಅಷ್ಟ.

ಬೆಂಗಳೂರಿಗೆ ಹೋಗಿ ಶೋ ಮಾಡಿ ಬರ್ರಿ, ರಾತ್ರಿ ರೈಲು ಐತಿ. ಮನಿ ಬಾಡಿಗಿ ಹಿಡಿಯೋದು ಬ್ಯಾಡ, ಆ ಬಾಡಿಗಿ ರೊಕ್ಕದಾಗ ಇಲ್ಲಿ ಮೈಕ್ ಬರತೈತಿ.

ಕಂಪನಿಯವರ ಕರಾರ್ ನಿಮ್ಮ ಕಡೆ ಇದ್ರ ಹೆಸರು, ನಂಬರ್ ಅಳಿಸಿ ಇಲ್ಲೇ ಹಾಕ್ರಿ, ಕಾಯಂ ಅನ್ನೋ ಸಾಲು ಎಲ್ಲೈತಿ ನೋಡಿ ಹೇಳತೇನಿ. ಸಹಿ ಮಾಡೋದು ಅಲ್ಲೀತನಕ ತಡೀರಿ. ಶರೀಫರ ಪದದ್ದು ಫೋನಿನಾಗ ರೆಕಾರ್ಡ್ ಮಾಡಿದ್ದಿದ್ರೂ ಸಾಕು, ಅದನ್ನೂ ಕಳಸ್ರಿ, ನಾನೂ ಗೆಳತಿನೂ ಕೂತು ಕೇಳತೇವಿ.